ಮಾನಿಟರ್ ಕೊಳ್ಳುವ ಮುಂಚೆ ಅದರ ಹಿಂಬದಿ ನೋಡಿ

ಬೆಳಗಾವಿಯ ಕಂಪ್ಯೂಟರ್ ಅಂಗಡಿಗಳಲ್ಲಿ ಮಾನಿಟರ್ ಬೇಕು ಅಂದರೆ ಮೊದಲು ಬರುವ ಪ್ರಶ್ನೆ, "ಎಷ್ಟು ಇಂಚಿಂದ್ ಬೇಕ್ರಿ?" ಎರಡನೆಯದು, "ಬಜೆಟ್ ಎಷ್ಟೈತ್ರಿ?" ಈ ಎರಡಕ್ಕೆ ಉತ್ತರ ಕೊಟ್ಟರೆ ಡಬ್ಬಿ ಹೊರಗೆ ಬರುತ್ತದೆ. ಮೂರನೆಯ ಪ್ರಶ್ನೆಯೊಂದಿದೆ. ಅದನ್ನು ಅಂಗಡಿಯವರೂ ಕೇಳುವುದು ಕಡಿಮೆ, ನಾವೂ ಹೇಳುವುದು ಕಡಿಮೆ. ಇದನ್ನು ಯಾವ ಯಂತ್ರಕ್ಕೆ ಜೋಡಿಸುತ್ತೀರಿ, ಅದರ ಹಿಂದೆ ಯಾವ ಪೋರ್ಟ್, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿ, ಇದೆ?

ಕಡಿಮೆ ಬೆಲೆಯ ಮಾನಿಟರ್ ಕೊಳ್ಳುವವರಿಗೆ ಈ ಮೂರನೆಯ ಪ್ರಶ್ನೆಯೇ ಇಂಚಿಗಿಂತ ಮುಖ್ಯ ಅನ್ನುತ್ತೇನೆ. ಕಂಪನಿಗಳು ಖರ್ಚು ಉಳಿಸುವ ಜಾಗಗಳಲ್ಲಿ ಹಿಂಬದಿಯೂ ಒಂದು. ಪರದೆ ಮುಂದೆ ಮಿಂಚಬೇಕು, ಡಬ್ಬಿಯ ಮೇಲೆ '100 ಹರ್ಟ್ಸ್' ಅಂತ ದೊಡ್ಡದಾಗಿ ಬರೆಯಬೇಕು. ಹಿಂದೆ ಏನಿದೆ ಅಂತ ಬಗ್ಗಿ ನೋಡುವವರು ಕಡಿಮೆ. ಹಾಗಾಗಿ ಹತ್ತು ಸಾವಿರದೊಳಗಿನ 22 ಅಥವಾ 24 ಇಂಚಿನ ಮಾನಿಟರನ್ನು ತಿರುಗಿಸಿದರೆ ಸಾಮಾನ್ಯವಾಗಿ ಕಾಣುವುದು ಒಂದು ವಿಜಿಎ (ಹಳೆಯ ಬಗೆಯ ಪೋರ್ಟ್), ಒಂದು ಎಚ್‌ಡಿಎಂಐ (ಟಿವಿಗಳಲ್ಲೂ ಇರುವ ಹೊಸ ಬಗೆಯದು). ಇನ್ನೂ ಅಗ್ಗದ ಚಿಕ್ಕ ಮಾನಿಟರ್‌ಗಳಲ್ಲಿ ಬರೀ ವಿಜಿಎ ಇರುವವೂ ಇವೆ.

ನಮ್ಮ ಕಡೆಗೆ ಇದು ಸಣ್ಣ ವಿಷಯ ಅಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇಲ್ಲೇ ಮಚ್ಛೆಯಲ್ಲಿದೆ. ಅಥಣಿ, ರಾಮದುರ್ಗ, ಸವದತ್ತಿ ಕಡೆಯಿಂದ ಬಂದ ಹುಡುಗರು ಊರಲ್ಲಿ ರೂಮ್ ಮಾಡಿಕೊಂಡು ಓದುತ್ತಾರೆ. ಲ್ಯಾಪ್‌ಟಾಪ್‌ಗೆ ಒಂದು ದೊಡ್ಡ ಪರದೆ ಬೇಕು ಅಂತ ಮನೆಯಿಂದ ದುಡ್ಡು ತರಿಸಿಕೊಳ್ಳುತ್ತಾರೆ. ಮದುವೆ ಆಲ್ಬಂ ಮಾಡುವ ಸ್ಟುಡಿಯೋದವರು, ಗ್ರಾಮ ಒನ್ ನಡೆಸುವವರು, ಅಂಗಡಿಗೆ ಸಿಸಿಟಿವಿ ಹಾಕಿಸುವವರು, ಉದ್ಯಮಬಾಗದ ಸಣ್ಣ ಕಾರ್ಖಾನೆಯವರು ಹುಡುಕುವುದೂ ಇದೇ ದರ್ಜೆಯ ಮಾನಿಟರನ್ನೇ. ಇವರು ಎರಡು ವರ್ಷಕ್ಕೊಮ್ಮೆ ಮಾನಿಟರ್ ಬದಲಿಸುವವರಲ್ಲ. ಒಮ್ಮೆ ತಪ್ಪಾದದ್ದು ತಂದರೆ ಅದು ಕೆಡುವ ತನಕ ಕಣ್ಣಿಗೆ ತೊಂದರೆ ಕೊಡುತ್ತಾ ಕೂರುತ್ತದೆ.

ವಿಜಿಎ ಯಾಕೆ ಇನ್ನೂ ಇದೆ

ನೀಲಿ ಬಣ್ಣದ, 15 ಪಿನ್ನಿನ, ಎರಡು ಬದಿ ಸ್ಕ್ರೂ ಇರುವ ವಿಜಿಎ ಬಂದದ್ದು 1987ರಲ್ಲಿ, ಐಬಿಎಂನ ಪಿಎಸ್/2 ಕಂಪ್ಯೂಟರ್ ಜೊತೆ. ಆಗ ಇದ್ದದ್ದು ದಪ್ಪ ಗಾಜಿನ ಪಿಕ್ಚರ್ ಟ್ಯೂಬ್ ಮಾನಿಟರ್. ಅದಕ್ಕೆ ಬೇಕಾದದ್ದು ಏರಿಳಿಯುವ ವೋಲ್ಟೇಜ್, ಅಂದರೆ ಅನಲಾಗ್ ಸಿಗ್ನಲ್. ವಿಜಿಎ ಅದನ್ನೇ ಕೊಡುತ್ತಿತ್ತು. ಎರಡಕ್ಕೂ ಸರಿಯಾಗಿ ಹೊಂದುತ್ತಿತ್ತು.

ಎಲ್‌ಸಿಡಿ ಬಂದ ಮೇಲೆ ಕತೆ ಬದಲಾಯಿತು. ಕಂಪ್ಯೂಟರ್ ಒಳಗೆ ಚಿತ್ರ ಡಿಜಿಟಲ್, ಅಂದರೆ ಅಂಕಿಗಳ ರೂಪದ್ದು. ಪರದೆಯೂ ಡಿಜಿಟಲ್. ಆದರೆ ನಡುವೆ ವಿಜಿಎ ಕೇಬಲ್ ಇದ್ದರೆ ಚಿತ್ರವನ್ನು ಮೊದಲು ಅನಲಾಗ್ ಮಾಡಬೇಕು, ಮಾನಿಟರ್ ಒಳಗೆ ಮತ್ತೆ ಡಿಜಿಟಲ್ ಮಾಡಬೇಕು. ಪರದೆಯ ಒಂದು ಚುಕ್ಕಿ (ಪಿಕ್ಸೆಲ್) ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂಬುದನ್ನು ಮಾನಿಟರ್ ಅಂದಾಜು ಮಾಡಬೇಕು. ಮಾನಿಟರಿನ ಕೆಳಗೆ 'ಆಟೋ' ಅಂತ ಒಂದು ಬಟನ್ ಇರುತ್ತದಲ್ಲ, ಅದು ಇದೇ ಅಂದಾಜನ್ನು ಮತ್ತೊಮ್ಮೆ ಮಾಡಿಸುವ ಬಟನ್. ಅಂದಾಜು ಸ್ವಲ್ಪ ತಪ್ಪಿದರೂ ಅಕ್ಷರದ ಅಂಚು ಮಸುಕಾಗುತ್ತದೆ, ಪಕ್ಕದಲ್ಲಿ ತೆಳು ನೆರಳು ಕಾಣುತ್ತದೆ.

ಕನ್ನಡ ಟೈಪ್ ಮಾಡುವವರಿಗೆ ಇದು ಜಾಸ್ತಿ ತಟ್ಟುತ್ತದೆ. ಇಂಗ್ಲಿಷ್ ಅಕ್ಷರದ ಅಂಚು ಸ್ವಲ್ಪ ಮಸುಕಾದರೂ ಓದಬಹುದು. ನಮ್ಮಲ್ಲಿ ಒತ್ತಕ್ಷರ ಕೆಳಗೆ ಚಿಕ್ಕದಾಗಿ ಕೂತಿರುತ್ತದೆ. ದೀರ್ಘದ ಕೊಂಬು ಒಂದೆರಡು ಚುಕ್ಕಿಯಷ್ಟು ಅಗಲ ಇರುತ್ತದೆ. ನುಡಿ ತಂತ್ರಾಂಶದಲ್ಲಿ ದಿನವಿಡೀ ಅರ್ಜಿ, ಪ್ರಮಾಣಪತ್ರ ಟೈಪ್ ಮಾಡುವವರು 'ಸಂಜೆ ಹೊತ್ತಿಗೆ ತಲೆ ಹಿಡಿಯುತ್ತದೆ' ಅಂದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗುವುದು ಸರಿಯೇ. ಜೊತೆಗೆ ಕೇಬಲ್ ಯಾವುದು ಅಂತಲೂ ನೋಡಬೇಕು.

18.5 ಇಂಚಿನ ಮಾನಿಟರ್‌ಗಳಲ್ಲಿ ಇನ್ನೊಂದು ಸಮಸ್ಯೆ ಇದೆ. ಅವುಗಳ ಪರದೆ ಬಹಳ ಸಲ 1366 x 768 ಚುಕ್ಕಿಯದು. ಹಳೆಯ ಲೆಕ್ಕಾಚಾರದ ರೂಢಿಯಲ್ಲಿ ಚಿತ್ರದ ಅಗಲ 8ರಿಂದ ಭಾಗವಾಗಬೇಕು. 1366 ಹಾಗೆ ಭಾಗವಾಗುವುದಿಲ್ಲ. ಹಾಗಾಗಿ ವಿಜಿಎಯಲ್ಲಿ ಎಷ್ಟೋ ಸಲ 1360 ಮಾತ್ರ ಸಿಗುತ್ತದೆ. ಉಳಿದ ಆರು ಚುಕ್ಕಿಗಳ ಜಾಗವನ್ನು ಮಾನಿಟರ್ ಚಿತ್ರ ಎಳೆದು ತುಂಬಿಸುತ್ತದೆ. ಆರೇ ಚುಕ್ಕಿ ಅನ್ನಿಸಬಹುದು. ಆದರೆ ಎಳೆದಾಗ ಇಡೀ ಸಾಲಿನ ಅಕ್ಷರ ಅಲ್ಲಲ್ಲಿ ಮಸುಕಾಗುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಕಂಪನಿಗಳು ವಿಜಿಎ ಯಾಕೆ ಕೈಬಿಟ್ಟಿಲ್ಲ? ಬಿಡುತ್ತೇವೆ ಅಂತ ಹೇಳಿದ್ದು ನಿಜ. 2010ರ ಡಿಸೆಂಬರಿನಲ್ಲಿ ಇಂಟೆಲ್, ಎಎಂಡಿ, ಡೆಲ್, ಲೆನೊವೊ, ಸ್ಯಾಮ್‌ಸಂಗ್, ಎಲ್‌ಜಿ ಸೇರಿ 2015ರ ಹೊತ್ತಿಗೆ ವಿಜಿಎ ಬಿಡುವ ಮಾತಾಡಿದವು. ಇಂಟೆಲ್ ತನ್ನ 2015ರ ಸ್ಕೈಲೇಕ್ ಪ್ರೊಸೆಸರ್‌ಗಳಿಂದ ಅದನ್ನು ತೆಗೆದೇಬಿಟ್ಟಿತು. ಆದರೂ ಅಗ್ಗದ ಮದರ್‌ಬೋರ್ಡ್‌ಗಳಲ್ಲಿ ಇವತ್ತಿಗೂ ವಿಜಿಎ ಇದೆ. ಪ್ರೊಸೆಸರ್ ಕೊಡದಿದ್ದರೂ ಬೋರ್ಡ್ ತಯಾರಿಸುವವರು ಒಂದು ಪುಟ್ಟ ಪರಿವರ್ತಕ ಚಿಪ್ ಹಾಕಿ ಆ ನೀಲಿ ಪೋರ್ಟ್ ಉಳಿಸಿಕೊಂಡಿದ್ದಾರೆ. ಕೊಳ್ಳುವವರು ಇದ್ದಾರೆ, ಅದಕ್ಕೇ.

ಕೊಳ್ಳುವವರು ಯಾರು ಅಂತ ಊರೊಳಗೆ ಒಂದು ಸುತ್ತು ಹಾಕಿದರೆ ಗೊತ್ತಾಗುತ್ತದೆ. ಅಂಗಡಿಗಳಲ್ಲಿ ಸಿಸಿಟಿವಿ ದೃಶ್ಯ ದಾಖಲಿಸುವ ಡಿವಿಆರ್ ಡಬ್ಬಿಗಳಲ್ಲಿ ಸಾಮಾನ್ಯವಾಗಿ ವಿಜಿಎ, ಎಚ್‌ಡಿಎಂಐ ಎರಡೂ ಇರುತ್ತವೆ. ಕಾಲೇಜುಗಳ ತರಗತಿಯಲ್ಲಿ ಪ್ರೊಜೆಕ್ಟರ್‌ಗೆ ಗೋಡೆಯೊಳಗೆ ಎಳೆದಿರುವುದು ಹಳೆಯ ವಿಜಿಎ ಕೇಬಲ್. ಕಾರ್ಖಾನೆಗಳಲ್ಲಿ ಹಳೆಯ ಯಂತ್ರದ ಜೊತೆ ಬಂದ ಪಿಸಿಗೆ ಬೇರೆ ದಾರಿಯೇ ಇಲ್ಲ. ಅಲ್ಲಿ ವಿಜಿಎಗೆ ಒಂದು ಗುಣವೂ ಇದೆ. ಸ್ಕ್ರೂ ಬಿಗಿದರೆ ಯಂತ್ರ ಎಷ್ಟು ನಡುಗಿದರೂ ಕೇಬಲ್ ಕಳಚುವುದಿಲ್ಲ. ಎಚ್‌ಡಿಎಂಐ ಬರೀ ಹಿಡಿತದ ಮೇಲೆ ನಿಂತಿರುತ್ತದೆ. ಹಾಗಾಗಿ ವಿಜಿಎಯನ್ನು ಹಳೇ ಕಸ ಅಂತ ತಳ್ಳಿಹಾಕುವ ಗುಂಪಿನವನಲ್ಲ ನಾನು. ಅದು ಎರಡನೆಯ ಪೋರ್ಟ್ ಆಗಿ ಇರಲಿ. ಅದೊಂದೇ ಇರುವ ಹೊಸ ಮಾನಿಟರ್ ಮಾತ್ರ ಇವತ್ತು ಮನೆಗಾಗಲಿ ಓದುವ ಮಕ್ಕಳಿಗಾಗಲಿ ಕೊಳ್ಳಬಾರದು. ಮುಂದೆ ಕೊಳ್ಳುವ ಲ್ಯಾಪ್‌ಟಾಪಿನಲ್ಲಿ ಆ ಪೋರ್ಟ್ ಸಿಗುವುದು ಕಷ್ಟ.

ವಿಜಿಎ ಬಳಸುವುದೇ ಆದರೆ ಕೇಬಲ್ ಬಗ್ಗೆ ಒಂದು ಮಾತು. ಆ 15 ಪಿನ್ನುಗಳಲ್ಲಿ 12 ಮತ್ತು 15ನೆಯದು ಮಾನಿಟರ್ ತನ್ನ ಪರಿಚಯ ಹೇಳಲು ಇರುವ ಪಿನ್ನುಗಳು. ನಾನು ಇಷ್ಟು ಚುಕ್ಕಿಯ ಪರದೆ ಅಂತ ಅದು ಕಂಪ್ಯೂಟರ್‌ಗೆ ತಿಳಿಸುವುದು ಈ ದಾರಿಯಲ್ಲೇ. ತೀರಾ ಅಗ್ಗದ ಕೇಬಲ್‌ಗಳಲ್ಲಿ ಈ ಎಳೆಗಳೇ ಇರುವುದಿಲ್ಲ. ಆಗ ಫುಲ್ ಎಚ್‌ಡಿ (1920 x 1080) ಮಾನಿಟರ್ ಹಾಕಿದರೂ ಚಿತ್ರ 1024 x 768ಕ್ಕೆ ನಿಂತುಬಿಡುತ್ತದೆ. ಜನ ಡ್ರೈವರ್ ಹಾಕುತ್ತಾರೆ, ವಿಂಡೋಸ್ ಹೊಸದಾಗಿ ಹಾಕಿಸುತ್ತಾರೆ, ದುಡ್ಡು ಕೊಡುತ್ತಾರೆ. ತಪ್ಪು ಇರುವುದು ಕೇಬಲ್‌ನಲ್ಲಿ. ಅದನ್ನು ಮೊದಲು ಬದಲಿಸಿ ನೋಡಿ.

ಡಬ್ಬಿಯ ಮೇಲಿನ 100

ಈಗ ಅಗ್ಗದ ಮಾನಿಟರ್‌ಗಳ ದೊಡ್ಡ ಮಾರಾಟದ ಮಾತು ರಿಫ್ರೆಶ್ ರೇಟ್. ಮುಂಚೆ 60 ಅಥವಾ 75 ಹರ್ಟ್ಸ್ ಇದ್ದದ್ದು ಈಗ 100 ಆಗಿದೆ. ಪರದೆ ಸೆಕೆಂಡಿಗೆ 100 ಸಲ ಚಿತ್ರ ಬದಲಿಸಬಲ್ಲದು ಅಂತ ಅರ್ಥ. ಮಾತು ಸುಳ್ಳಲ್ಲ. ಆದರೆ ಯಾವ ಪೋರ್ಟಿನಲ್ಲಿ ಅಂತ ಡಬ್ಬಿಯ ಮುಂಬದಿ ಹೇಳುವುದಿಲ್ಲ. ಸಾಮಾನ್ಯವಾಗಿ ಆ 100 ಸಿಗುವುದು ಎಚ್‌ಡಿಎಂಐನಲ್ಲಿ. ವಿಜಿಎಯಲ್ಲಿ 60ಕ್ಕೋ 75ಕ್ಕೋ ನಿಲ್ಲುತ್ತದೆ. ಮ್ಯಾನ್ಯುಯಲ್‌ನ ಕೊನೆಯ ಪುಟಗಳ ಕೋಷ್ಟಕದಲ್ಲಿ ಇದು ಚಿಕ್ಕ ಅಕ್ಷರದಲ್ಲಿ ಇರುತ್ತದೆ. ಡಬ್ಬಿಯೊಳಗೆ ಕೇಬಲ್ ಕೊಡುವುದು ಬಹಳ ಸಲ ಒಂದೇ. ಅದು ವಿಜಿಎ ಆಗಿದ್ದರೆ, ದುಡ್ಡು ಕೊಟ್ಟ 100 ನಿಮಗೆ ಸಿಗಲೇ ಇಲ್ಲ.

ಎಚ್‌ಡಿಎಂಐ ಹಾಕಿದ ಮೇಲೂ ವಿಂಡೋಸ್ 60ರಲ್ಲೇ ಇಟ್ಟಿರಬಹುದು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ನಾವೇ ಬದಲಿಸಬೇಕು. ಹಳೆಯ ಪೀಳಿಗೆಯ ಕಂಪ್ಯೂಟರ್‌ಗಳಲ್ಲಿ ಅಲ್ಲಿಯೂ 100 ಕಾಣಿಸದೆ ಇರಬಹುದು. ಆಗ ಮಿತಿ ಇರುವುದು ಕಂಪ್ಯೂಟರಿನ ಕಡೆ, ಮಾನಿಟರನ್ನು ದೂರಿ ಪ್ರಯೋಜನ ಇಲ್ಲ.

ಲೆಕ್ಕ ಸ್ವಲ್ಪ ನೋಡೋಣ, ಕಷ್ಟ ಇಲ್ಲ. ಫುಲ್ ಎಚ್‌ಡಿ ಪರದೆಯಲ್ಲಿ 1920 ಗುಣಿಸು 1080, ಅಂದರೆ 20,73,600 ಚುಕ್ಕಿ. ಒಂದು ಚುಕ್ಕಿಯ ಬಣ್ಣಕ್ಕೆ 24 ಬಿಟ್. ಸೆಕೆಂಡಿಗೆ 60 ಸಲ ಕಳಿಸಿದರೆ ಸುಮಾರು 3 ಗಿಗಾಬಿಟ್ (300 ಕೋಟಿ ಬಿಟ್), 100 ಸಲಕ್ಕೆ ಸುಮಾರು 5, 180 ಸಲಕ್ಕೆ ಸುಮಾರು 9. ಈಗ ಪೋರ್ಟ್ ಕಡೆ ಬನ್ನಿ. 2009ರ ಎಚ್‌ಡಿಎಂಐ 1.4ರ ವೇಗ ಸೆಕೆಂಡಿಗೆ 10.2 ಗಿಗಾಬಿಟ್. ಅದರಲ್ಲಿ ಐದನೇ ಒಂದು ಪಾಲು ಸಿಗ್ನಲ್ ಕಟ್ಟುವುದಕ್ಕೇ ಹೋಗುತ್ತದೆ, ಚಿತ್ರಕ್ಕೆ ಉಳಿಯುವುದು 8.16. ಅಂದರೆ 100 ಹರ್ಟ್ಸ್ ಸಲೀಸಾಗಿ ಹೋಗುತ್ತದೆ. 144 ಕಷ್ಟಪಟ್ಟು ಹೋದರೂ 180 ಹೋಗುವುದಿಲ್ಲ. 180 ಹರ್ಟ್ಸ್ ಗೇಮಿಂಗ್ ಮಾನಿಟರ್ ಕೊಂಡವರು ಎಚ್‌ಡಿಎಂಐಗೆ ಹಾಕಿ 'ಯಾಕೋ 144ರ ಮೇಲೆ ಹೋಗ್ತಿಲ್ಲ' ಅನ್ನುವುದು ಇದಕ್ಕೇ. ಅದೇ ಮಾನಿಟರಿನಲ್ಲಿರುವ ಡಿಸ್‌ಪ್ಲೇಪೋರ್ಟ್ ಎಂಬ ಇನ್ನೊಂದು ಡಿಜಿಟಲ್ ಪೋರ್ಟ್ ಬಳಸಬೇಕು. ಡಿಸ್‌ಪ್ಲೇಪೋರ್ಟ್ 1.2ರಲ್ಲಿ ಚಿತ್ರಕ್ಕೇ 17.28 ಗಿಗಾಬಿಟ್ ಜಾಗ ಇದೆ.

ಈ ಲೆಕ್ಕದಿಂದ ಇನ್ನೊಂದು ಲಾಭ. 100 ಹರ್ಟ್ಸ್‌ನ ಫುಲ್ ಎಚ್‌ಡಿ ಮಾನಿಟರ್‌ಗೆ '8ಕೆ ಕೇಬಲ್' ಅಂತ ಸಾವಿರ ರೂಪಾಯಿಯದ್ದನ್ನು ಯಾರಾದರೂ ಕೈಗಿಟ್ಟರೆ ಬೇಡ ಅನ್ನಿ. 'ಹೈ ಸ್ಪೀಡ್' ಅಂತ ಬರೆದಿರುವ ಸಾಧಾರಣ ಎಚ್‌ಡಿಎಂಐ ಕೇಬಲ್ ಸಾಕು. ಹಾಗೆಯೇ 'ಎಚ್‌ಡಿಎಂಐ 2.1' ಅನ್ನುವ ಬರಹಕ್ಕೂ ಮರುಳಾಗಬೇಡಿ. 2.1ರ ಪಟ್ಟಿಯಲ್ಲಿರುವ ಹೊಸ ಸೌಲಭ್ಯಗಳು ಕಡ್ಡಾಯ ಅಲ್ಲ. ಆ ಹೆಸರು ಇದ್ದ ಮಾತ್ರಕ್ಕೆ 48 ಗಿಗಾಬಿಟ್ ವೇಗ ಇರಲೇಬೇಕು ಅಂತಿಲ್ಲ.

ಇನ್ನು, 100 ಹರ್ಟ್ಸ್ ಬೇಕೇ ಬೇಕಾ? ಸ್ಕ್ರೋಲ್ ಮಾಡುವಾಗ ಅಕ್ಷರ ನುಣುಪಾಗಿ ಜಾರುತ್ತದೆ, ಮೌಸ್ ಹಗುರ ಅನ್ನಿಸುತ್ತದೆ, ಅದು ನಿಜ. ಆದರೆ ಡೇಟಾ ಎಂಟ್ರಿ, ಟ್ಯಾಲಿ, ಓದು, ಆನ್‌ಲೈನ್ ಪಾಠಕ್ಕೆ ಅದು ಇಲ್ಲದಿದ್ದರೂ ನಡೆಯುತ್ತದೆ. ಈ ಕೆಲಸಗಳಿಗೆ ನಾನಾದರೆ 75 ಹರ್ಟ್ಸ್‌ನ, ಬದಿಯಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಐಪಿಎಸ್ ಪರದೆ, ಡಿಜಿಟಲ್ ಪೋರ್ಟ್ ಎರಡು ಇರುವುದನ್ನು ಆರಿಸುತ್ತೇನೆ. 100 ಹರ್ಟ್ಸ್ ಇದ್ದು ಬದಿಯಿಂದ ನೋಡಿದರೆ ಬಣ್ಣ ಕೆಡುವ ಪರದೆ ಬೇಡ.

ಟಿವಿಯ ಗುಣ ಕಂಪ್ಯೂಟರಿಗೆ ಬಂದಾಗ

ಎಚ್‌ಡಿಎಂಐ ಶುರುಮಾಡಿದ್ದು ಟಿವಿ ಕಂಪನಿಗಳು. 2002ರಲ್ಲಿ ಸೋನಿ, ಹಿಟಾಚಿ, ಫಿಲಿಪ್ಸ್, ತೋಷಿಬಾ ಮೊದಲಾದವು ಸೇರಿ ಮಾಡಿದ್ದು. ಡಿಸ್‌ಪ್ಲೇಪೋರ್ಟ್ ಬಂದದ್ದು 2006ರಲ್ಲಿ, ಕಂಪ್ಯೂಟರ್ ಪರದೆಗಳ ಗುಣಮಟ್ಟ ನಿಗದಿ ಮಾಡುವ ವೆಸಾ ಸಂಸ್ಥೆಯಿಂದ. ಎಚ್‌ಡಿಎಂಐ ಹಾಕುವ ಕಂಪನಿ ಒಂದೊಂದು ಸಾಧನಕ್ಕೂ ರಾಯಲ್ಟಿ ಕೊಡಬೇಕು. ವೆಸಾ ಅಂಥ ಶುಲ್ಕ ಕೇಳುವುದಿಲ್ಲ. ಹಾಗಿದ್ದರೆ ಅಗ್ಗದ ಮಾನಿಟರಿನಲ್ಲಿ ಡಿಸ್‌ಪ್ಲೇಪೋರ್ಟೇ ಇರಬೇಕಿತ್ತಲ್ಲವಾ? ಇಲ್ಲ. ಸೆಟ್‌ಟಾಪ್ ಬಾಕ್ಸ್, ಡಿವಿಆರ್, ಪ್ಲೇಸ್ಟೇಷನ್, ಸಾಮಾನ್ಯ ಲ್ಯಾಪ್‌ಟಾಪ್ ಎಲ್ಲಕ್ಕೂ ಎಚ್‌ಡಿಎಂಐ ಇದೆ. ಜನರ ಮನೆಯಲ್ಲಿ ಏನಿದೆಯೋ ಅದೇ ಮಾನಿಟರಿನಲ್ಲೂ ಬರುತ್ತದೆ.

ಟಿವಿಯ ಜೊತೆ ಟಿವಿಯ ಕೆಲವು ರೂಢಿಗಳೂ ಬಂದವು. ಫೋಟೋ ಸ್ಟುಡಿಯೋದವರು ಇದನ್ನು ಗಮನವಿಟ್ಟು ಓದಬೇಕು. ಕಂಪ್ಯೂಟರಿನಲ್ಲಿ ಕಪ್ಪು ಅಂದರೆ 0, ಬಿಳಿ ಅಂದರೆ 255. ಟಿವಿ ಲೋಕದಲ್ಲಿ ಕಪ್ಪು 16, ಬಿಳಿ 235. ಎಚ್‌ಡಿಎಂಐ ಹಾಕಿದಾಗ ಕೆಲವು ಸಲ ಕಂಪ್ಯೂಟರ್ ಆ ಕಡೆ ಇರುವುದು ಟಿವಿ ಅಂದುಕೊಂಡು 16ರಿಂದ 235ರ ಲೆಕ್ಕದಲ್ಲಿ ಕಳಿಸುತ್ತದೆ. ಮಾನಿಟರ್ ಅದನ್ನು ಕಂಪ್ಯೂಟರ್ ಲೆಕ್ಕದಲ್ಲಿ ಓದುತ್ತದೆ. ಕಪ್ಪು ಬೂದು ಬಣ್ಣವಾಗುತ್ತದೆ, ಬಿಳಿ ಮಂಕಾಗುತ್ತದೆ. ಅದನ್ನು ನೋಡಿ ಆಲ್ಬಂನಲ್ಲಿ ಕಾಂಟ್ರಾಸ್ಟ್ ಏರಿಸಿದರೆ ಪ್ರಿಂಟ್ ಬಂದಾಗ ಮದುಮಗನ ಕೋಟು ಕಪ್ಪು ಕಪ್ಪು, ಮುಖದ ಒಂದು ಬದಿ ಕತ್ತಲೆ. ಗ್ರಾಫಿಕ್ಸ್ ಕಂಟ್ರೋಲ್ ಪ್ಯಾನಲ್‌ಗೆ ಹೋಗಿ ಡೈನಾಮಿಕ್ ರೇಂಜ್ ಅನ್ನುವಲ್ಲಿ 'ಫುಲ್' ಆರಿಸಿದರೆ ಸರಿಹೋಗುತ್ತದೆ. ಖರ್ಚು ಏನೂ ಇಲ್ಲ. ಚಿತ್ರ ಪರದೆಯ ಅಂಚಿನಿಂದ ಹೊರಗೆ ಹೋದಂತೆ ಕಂಡರೂ, ಸುತ್ತ ಕಪ್ಪು ಪಟ್ಟಿ ಬಿಟ್ಟಂತೆ ಕಂಡರೂ ಅದೂ ಟಿವಿಯ ರೂಢಿಯೇ. ಅಲ್ಲೇ ಸ್ಕೇಲಿಂಗ್‌ನಲ್ಲಿ ಸರಿಮಾಡಬಹುದು.

ಧ್ವನಿಯದ್ದೂ ಹೀಗೇ. ಎಚ್‌ಡಿಎಂಐ ಚಿತ್ರದ ಜೊತೆ ಧ್ವನಿಯನ್ನೂ ಒಯ್ಯುತ್ತದೆ. ಕೇಬಲ್ ಹಾಕಿದ ಕೂಡಲೇ ವಿಂಡೋಸ್ ಧ್ವನಿಯನ್ನು ಮಾನಿಟರ್ ಕಡೆ ತಿರುಗಿಸಿಬಿಡಬಹುದು. ಅಗ್ಗದ ಮಾನಿಟರಿಗೆ ಸ್ಪೀಕರ್ ಇರುವುದೇ ಅಪರೂಪ. ಲ್ಯಾಪ್‌ಟಾಪ್ ಮೂಕ ಆಯಿತು ಅಂತ ಗಾಬರಿ ಆಗಬೇಡಿ. ಕೆಳಗಿನ ಮೂಲೆಯ ಸ್ಪೀಕರ್ ಗುರುತು ಒತ್ತಿ ಹಳೆಯ ಸ್ಪೀಕರ್ ಆರಿಸಿದರೆ ಆಯಿತು.

ಕನ್ವರ್ಟರ್‌ಗೆ ದಿಕ್ಕು ಇದೆ

ಅತಿ ಹೆಚ್ಚು ದುಡ್ಡು ವ್ಯರ್ಥವಾಗುವುದು ಇಲ್ಲಿ. "ಎಚ್‌ಡಿಎಂಐ-ವಿಜಿಎ ಕನ್ವರ್ಟರ್ ಕೊಡ್ರಿ" ಅಂದರೆ ಅಂಗಡಿಯವರು ಒಂದನ್ನು ಕೊಡುತ್ತಾರೆ. ಆದರೆ ಇದರಲ್ಲಿ ಎರಡು ಜಾತಿ. ಲ್ಯಾಪ್‌ಟಾಪಿನ ಎಚ್‌ಡಿಎಂಐಯಿಂದ ಹಳೆಯ ವಿಜಿಎ ಮಾನಿಟರಿಗೆ ಹೋಗುವುದು ಒಂದು. ಹಳೆಯ ಸಿಪಿಯುವಿನ ವಿಜಿಎಯಿಂದ ಹೊಸ ಎಚ್‌ಡಿಎಂಐ ಮಾನಿಟರಿಗೆ ಹೋಗುವುದು ಇನ್ನೊಂದು. ಪಂಪ್‌ಸೆಟ್‌ನ ಫುಟ್ ವಾಲ್ವ್ ನೀರನ್ನು ಒಂದೇ ಕಡೆ ಬಿಡುವ ಹಾಗೆ ಇವೂ ಸಿಗ್ನಲನ್ನು ಒಂದೇ ಕಡೆ ಬಿಡುತ್ತವೆ. ತಿರುಗಿಸಿ ಹಾಕಿದರೆ ಪರದೆಯಲ್ಲಿ 'ನೋ ಸಿಗ್ನಲ್' ಅಂತ ಬರುತ್ತದೆ ಅಷ್ಟೇ.

ಮೊದಲ ಜಾತಿ ಅಗ್ಗ, ಎಚ್‌ಡಿಎಂಐ ಪೋರ್ಟಿನ 5 ವೋಲ್ಟ್‌ನಲ್ಲೇ ಸಾಮಾನ್ಯವಾಗಿ ನಡೆಯುತ್ತದೆ. ಎರಡನೆಯದಕ್ಕೆ ಬಹಳ ಸಲ ಯುಎಸ್‌ಬಿಯಿಂದ ಕರೆಂಟ್ ಬೇಕು, ಧ್ವನಿಗೆ ಬೇರೆ ವೈರ್ ಬೇಕು. ಒಳಗೆ ಚಿಪ್ ಇಲ್ಲದೆ ಬರೀ ವೈರ್ ಜೋಡಿಸಿದ 'ಎಚ್‌ಡಿಎಂಐ-ವಿಜಿಎ ಕೇಬಲ್' ಕೂಡ ಮಾರಾಟಕ್ಕೆ ಸಿಗುತ್ತದೆ. ಸಾಮಾನ್ಯ ಕಂಪ್ಯೂಟರಿಗೆ ಅದು ಯಾವತ್ತೂ ಕೆಲಸ ಮಾಡುವುದಿಲ್ಲ. ಡಿಜಿಟಲ್ ಸಿಗ್ನಲ್ ಬರೀ ತಂತಿಯಿಂದ ಅನಲಾಗ್ ಆಗುವುದಿಲ್ಲವಲ್ಲ. ಸೆಟ್‌ಟಾಪ್ ಬಾಕ್ಸ್‌ಗೆ ಹಳೆಯ ವಿಜಿಎ ಮಾನಿಟರ್ ಹಾಕಿ ಟಿವಿ ಮಾಡಿಕೊಳ್ಳುವವರಿಗೂ ಒಂದು ಎಚ್ಚರಿಕೆ. ಕೆಲವು ಚಾನೆಲ್, ಒಟಿಟಿಗಳಿಗೆ ಎಚ್‌ಡಿಸಿಪಿ ಎಂಬ ನಕಲು ತಡೆ ಇರುತ್ತದೆ. ವಿಜಿಎಗೆ ಅದು ಇಲ್ಲ. ಹಾಗಾಗಿ ಚಿತ್ರ ಬರದೇ ಹೋಗಬಹುದು.

ಡಿವಿಐ ಇರುವ ಹಳೆಯ ಮಾನಿಟರ್ ನಿಮ್ಮಲ್ಲಿದ್ದರೆ ಸಂತೋಷ ಪಡಿ. ಬಿಳಿ ಬಣ್ಣದ ಅಗಲ ಪೋರ್ಟ್ ಅದು, 1999ರದ್ದು. ಅದರ ಡಿಜಿಟಲ್ ಸಿಗ್ನಲ್ ಮತ್ತು ಎಚ್‌ಡಿಎಂಐ ಚಿತ್ರದ ಸಿಗ್ನಲ್ ಒಂದೇ ಬಗೆಯವು. ಸಾದಾ ಎಚ್‌ಡಿಎಂಐ-ಡಿವಿಐ ಕೇಬಲ್ ಎರಡೂ ದಿಕ್ಕಿನಲ್ಲಿ ನಡೆಯುತ್ತದೆ. ಧ್ವನಿಗೆ ಮಾತ್ರ ಬೇರೆ ದಾರಿ ನೋಡಿಕೊಳ್ಳಬೇಕು.

ದೊಡ್ಡ ಊರುಗಳ ಆಫೀಸುಗಳಿಂದ ಹೊರಬಿದ್ದ ಡೆಲ್, ಎಚ್‌ಪಿ ಸೆಕೆಂಡ್ ಹ್ಯಾಂಡ್ ಮಾಲು ಈಗ ನಮ್ಮ ಕಡೆಯೂ ಸಿಗುತ್ತದೆ. ಒಳ್ಳೆಯ ಮಾಲು ಅದು. ಎತ್ತರ ಏರಿಳಿಸುವ ಸ್ಟ್ಯಾಂಡ್ ಇರುತ್ತದೆ, ಪರದೆಯೂ ಗಟ್ಟಿ. ಆದರೆ ಆಫೀಸ್ ಯಂತ್ರಗಳಲ್ಲಿ ಡಿಸ್‌ಪ್ಲೇಪೋರ್ಟ್ ಜಾಸ್ತಿ, ಎಚ್‌ಡಿಎಂಐ ಕಡಿಮೆ. ಸಿಪಿಯುವಿನಲ್ಲಿ ಡಿಸ್‌ಪ್ಲೇಪೋರ್ಟ್, ಮಾನಿಟರಿನಲ್ಲಿ ಎಚ್‌ಡಿಎಂಐ ಇದ್ದರೆ ಅಗ್ಗದ ಕೇಬಲ್ ಸಾಕು. ಅದೇ ಉಲ್ಟಾ ಆದರೆ, ಅಂದರೆ ಲ್ಯಾಪ್‌ಟಾಪಿನ ಎಚ್‌ಡಿಎಂಐಯಿಂದ ಮಾನಿಟರಿನ ಡಿಸ್‌ಪ್ಲೇಪೋರ್ಟಿಗೆ ಹೋಗಬೇಕಾದರೆ, ಕರೆಂಟ್ ಬೇಡುವ ದುಬಾರಿ ಕನ್ವರ್ಟರ್ ಬೇಕು. ಅಗ್ಗಕ್ಕೆ ಸಿಕ್ಕ ಮಾನಿಟರಿನ ಲಾಭ ಅಲ್ಲೇ ಕರಗುತ್ತದೆ. ಡಿಸ್‌ಪ್ಲೇಪೋರ್ಟ್ ಕೇಬಲ್ ತೆಗೆಯುವಾಗ ಅದರ ಮೇಲಿನ ಗುಂಡಿ ಒತ್ತಿ ಎಳೆಯಿರಿ. ಸುಮ್ನೆ ಎಳೆದರೆ ಕೊಕ್ಕೆ ಪೋರ್ಟನ್ನೇ ಕಿತ್ತು ತರಬಹುದು.

ಟೈಪ್-ಸಿ ಬಗ್ಗೆ ಹುಡುಗರು ಕೇಳುತ್ತಾರೆ. ಅಗ್ಗದ ಮಾನಿಟರ್‌ಗಳಲ್ಲಿ ಅದು ಇನ್ನೂ ಅಪರೂಪ. ಲ್ಯಾಪ್‌ಟಾಪಿನಲ್ಲಿ ಟೈಪ್-ಸಿ ಇದ್ದ ಮಾತ್ರಕ್ಕೆ ಚಿತ್ರ ಹೊರಗೆ ಬರುತ್ತದೆ ಅಂತಲೂ ಇಲ್ಲ. ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದು ಬರೀ ಡೇಟಾಕ್ಕೆ. ಪೋರ್ಟಿನ ಪಕ್ಕ ಡಿಸ್‌ಪ್ಲೇಪೋರ್ಟಿನ ಗುರುತೋ ಥಂಡರ್‌ಬೋಲ್ಟಿನ ಮಿಂಚಿನ ಗುರುತೋ ಇದೆಯಾ ನೋಡಿ. ಗುರುತು ಇಲ್ಲದಿದ್ದರೆ ಆ ಮಾಡೆಲ್ಲಿನ ಮ್ಯಾನ್ಯುಯಲ್ ನೋಡಿ ಖಚಿತ ಮಾಡಿಕೊಳ್ಳಿ.

ಹಳ್ಳಿಯಿಂದ ಬಸ್ ಹತ್ತಿ ಬಂದು ಮಾನಿಟರ್ ಒಯ್ಯುವವರಿಗೆ ವಾಪಸ್ ಬರುವುದು ಇನ್ನೊಂದು ದಿನದ ಕೆಲಸ, ಇನ್ನೊಂದು ದಿನದ ಕೂಲಿ. ಹಾಗಾಗಿ ಮನೆ ಬಿಡುವ ಮುಂಚೆ ಸಿಪಿಯು ಅಥವಾ ಲ್ಯಾಪ್‌ಟಾಪಿನ ಪೋರ್ಟುಗಳ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಅಂಗಡಿಯಲ್ಲಿ ಅದನ್ನು ತೋರಿಸಿ, "ಇದಕ್ಕ ಡೈರೆಕ್ಟ್ ಹತ್ತತೈತೇನ್ರಿ, ಕೇಬಲ್ ಡಬ್ಬ್ಯಾಗ ಬರತೈತೇನ್ರಿ?" ಅಂತ ಕೇಳಿ. ಗ್ರಾಫಿಕ್ಸ್ ಕಾರ್ಡ್ ಇರುವ ಸಿಪಿಯು ಆದರೆ ಕೇಬಲ್ ಹಾಕುವುದು ಕಾರ್ಡಿನ ಪೋರ್ಟಿಗೆ. ಮದರ್‌ಬೋರ್ಡಿನ ಪೋರ್ಟಿಗೆ ಹಾಕಿ ಚಿತ್ರ ಬರಲಿಲ್ಲ ಅಂತ ಮಾನಿಟರ್ ಹೊತ್ತು ತರುವವರಿದ್ದಾರೆ.

ಅಂಗಡಿಯವರಿಗೂ ಒಂದು ಕೋರಿಕೆ ಇದೆ. ಬೆಲೆಯ ಚೀಟಿಯಲ್ಲಿ ಇಂಚು, ಹರ್ಟ್ಸ್ ಜೊತೆಗೆ 'ವಿಜಿಎ 1, ಎಚ್‌ಡಿಎಂಐ 1, ಡಬ್ಬಿಯಲ್ಲಿ ಎಚ್‌ಡಿಎಂಐ ಕೇಬಲ್ ಇದೆ, 100 ಹರ್ಟ್ಸ್ ಎಚ್‌ಡಿಎಂಐನಲ್ಲಿ ಮಾತ್ರ' ಅಂತ ಒಂದು ಸಾಲು ಬರೆಯಿರಿ. ಶಾಲೆ, ಪಂಚಾಯ್ತಿ, ಸಹಕಾರ ಸಂಘಕ್ಕೆ ಕಂಪ್ಯೂಟರ್ ಕೊಳ್ಳಲು ಕೊಟೇಶನ್ ಕರೆಯುವವರೂ ಇದೇ ಸಾಲನ್ನು ಕೇಳಿ ಬರೆಸಿಕೊಳ್ಳಬೇಕು. '21.5 ಇಂಚು ಎಲ್‌ಇಡಿ ಮಾನಿಟರ್' ಅಂತ ಅಷ್ಟೇ ಬರೆದರೆ ಬರೀ ವಿಜಿಎ ಇರುವ ಮಾಲು ತಂದಿಟ್ಟರೂ ಕರಾರಿನ ಪ್ರಕಾರ ಅದು ಸರಿಯೇ ಆಗುತ್ತದೆ. ಕನಿಷ್ಠ ಒಂದು ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್, ಅದರ ಕೇಬಲ್ ಸಮೇತ, ಅಂತ ಕೊಟೇಶನ್ನಿನಲ್ಲೇ ಸೇರಿಸಿ.